ಚತುರ್ಥಿ ಕಾಯಿಲೆ

ಆ ಪದವನ್ನು ನನಗೆ ಹೇಳಿಕೊಟ್ಟವಳು ನಮ್ಮ ಆಫೀಸಿನ ಐಸ್‌ಲ್ಯಾಂಡಿನ ಸಹೋದ್ಯೋಗಿ. ಸಿಂಗಪುರದ ಪಾಯಾ ಲೆಬಾರ್‌ನಲ್ಲಿ ನಮ್ಮ ಆಫೀಸು. ಮಾತನ್ನು ಕೇಳಿಸಿಕೊಂಡು ತಾನೇ ಅಕ್ಷರಕ್ಕಿಳಿಸುವ ಸಾಫ್ಟ್‌ವೇರನ್ನು ಬೇರೆ ಬೇರೆ ಭಾಷೆಗಳಿಗೆ ಹೊಂದಿಸುವುದು ನಮ್ಮ ಕೆಲಸ. ನಾನು ಕನ್ನಡ ನೋಡಿಕೊಳ್ಳುತ್ತೇನೆ, ಅವಳು ತನ್ನ ಭಾಷೆ. ಇಬ್ಬರ ಭಾಷೆಗೂ ಗಿರಾಕಿಗಳು ಕಡಿಮೆ, ಹಾಗಾಗಿ ಆಫೀಸಿನ ಒಂದೇ ಮೂಲೆಯಲ್ಲಿ ನಮ್ಮನ್ನು ಕೂರಿಸಿದ್ದರು.

ಒಂದು ಮಧ್ಯಾಹ್ನ ಸಾಲು ಊಟದಂಗಡಿಗಳ ಹಾಕರ್ ಸೆಂಟರಿನಲ್ಲಿ ಊಟ ಮಾಡುತ್ತಿದ್ದಾಗ, ನಿಮ್ಮಲ್ಲಿ ಜನ ಮಾಡುವ ಯಾವ ತಪ್ಪಿಗೆ ಮೇಷ್ಟರುಗಳು ಬಹಳ ಸಿಟ್ಟಾಗುತ್ತಾರೆ ಎಂದು ಕೇಳಿದೆ. ಅವಳು ಚಮಚ ಕೆಳಗಿಟ್ಟು ಹೇಳಿದಳು: "ಥೌಗುಫಲ್ಸ್‌ಸೀಕಿ."

ಎರಡು ಸಲ ಹೇಳಿಸಿಕೊಂಡರೂ ನನ್ನ ನಾಲಿಗೆಗೆ ಅದು ಸರಿಯಾಗಿ ಹತ್ತಲಿಲ್ಲ. ಅವಳು ಬಿಡಿಸಿ ಹೇಳಿದಳು. ಮೊದಲರ್ಧ ಅವರ ಚತುರ್ಥಿ ವಿಭಕ್ತಿಯ ಹೆಸರು. ಅದರೊಳಗೆ ಪಡೆಯುವುದು, ಇನ್ನೊಬ್ಬರ ಹಿತಕ್ಕೆ ಆಗುವುದು ಎಂಬ ಅರ್ಥದ ಮಾತಿದೆ. ಕೊನೆಯ ತುಂಡು 'ಸೀಕಿ' ಎಂದರೆ ಕಾಯಿಲೆ. ಸಕ್ಕರೆ ಕಾಯಿಲೆಗೂ ಅವರು ಸಕ್ಕರೆಯ ಮುಂದೆ ಅದೇ ತುಂಡನ್ನು ಸೇರಿಸುತ್ತಾರಂತೆ.

"ಅಂದರೆ ಚತುರ್ಥಿ ಕಾಯಿಲೆ," ಎಂದೆ.

ಅವರ ಭಾಷೆಯಲ್ಲಿ ಆಸೆಯಾಗುವುದು, ಬೇಕೆನಿಸುವುದು ಇಂಥ ಕೆಲವು ಕ್ರಿಯಾಪದಗಳಿಗೆ ಹಳೆಯ ರೂಢಿಯಂತೆ ದ್ವಿತೀಯಾ ವಿಭಕ್ತಿ ಬರಬೇಕು. 'ನನ್ನನ್ನು ಆಸೆಯಾಗುತ್ತದೆ' ಎನ್ನಬೇಕು. ಆದರೆ ಅನಿಸುವುದು, ಹಿಡಿಸುವುದು ಮುಂತಾದ ಬೇರೆ ಎಷ್ಟೋ ಕ್ರಿಯಾಪದಗಳಿಗೆ 'ನನಗೆ' ಎಂಬುದೇ ಸರಿ. ಮಕ್ಕಳು, ಹೆಚ್ಚು ಓದದವರು, ಬರಬರುತ್ತಾ ಎಲ್ಲರೂ ಎರಡನ್ನೂ ಒಂದೇ ದಾರಿಗೆ ತಂದು 'ನನಗೆ ಆಸೆಯಾಗುತ್ತದೆ' ಎನ್ನತೊಡಗಿದರು. ಭಾಷೆ ಕಾಯುವವರಿಗೆ ಅದನ್ನು ಸಹಿಸಲಾಗಲಿಲ್ಲ. ತಪ್ಪು ಎಂದರೆ ಸಾಲದೆನಿಸಿ ಕಾಯಿಲೆ ಎಂದರು. ಮೊದಲು ಅಂದವರು ಯಾರೋ ತನಗೆ ತಿಳಿಯದು, ತಾನು ಹುಟ್ಟುವ ಹೊತ್ತಿಗೆ ಆ ಪದ ಶಾಲೆಗಳಲ್ಲೂ ಪತ್ರಿಕೆಗಳಲ್ಲೂ ನೆಲೆಯೂರಿತ್ತು ಎಂದಳು. ಈಗ ಓದಿದವರು ನಾಚಿಕೊಂಡು 'ಚತುರ್ಥಿಯ ಒಲವು' ಎಂಬ ಮೆದು ಹೆಸರನ್ನು ಬಳಸುತ್ತಾರಂತೆ. ಆದರೆ ಜನರ ಬಾಯಲ್ಲಿ ಉಳಿದಿರುವುದು ಕಾಯಿಲೆಯೇ.

"ನಾನು ಬೆಳೆದದ್ದು ಅಜ್ಜಿಯ ಮನೆಯಲ್ಲಿ," ಎಂದಳು. "ಒಂದು ದಿನ ಕ್ಲಾಸಿನಲ್ಲಿ ನನ್ನ ಬಾಯಿಂದಲೂ ಅದು ಬಂತು. ಮೇಡಂ ಎಲ್ಲರ ಮುಂದೆ ಕೇಳಿದರು, ಮನೆಯಲ್ಲಿ ಯಾರಿಗಿದೆ ಈ ಕಾಯಿಲೆ ಅಂತ. ತಲೆಯ ಹೇನಿನ ಬಗ್ಗೆ ಕೇಳುತ್ತಾರಲ್ಲ, ಹಾಗೆ."

ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಮನೆಯಲ್ಲೂ ಅದು ಇತ್ತು.

ನಮ್ಮದು ಕಲಬುರಗಿ ಕಡೆ. ನಮ್ಮ ಮನೆಯ ಮಾತಿನಲ್ಲಿ ಮನುಷ್ಯರ ವಿಷಯಕ್ಕೆ ಬಂದರೆ ದ್ವಿತೀಯೆ ಇಲ್ಲವೇ ಇಲ್ಲ ಎನ್ನಬಹುದು. 'ನಿನ್ನನ್ನು ನೋಡಿ' ಅನ್ನುವುದಿಲ್ಲ, 'ನಿನಗ ನೋಡಿ' ಅನ್ನುತ್ತೇವೆ. ಅವನನ್ನು ಕರಿ ಅಲ್ಲ, 'ಅವಗ ಕರಿ'. ಅವ್ವ, ಅಪ್ಪ, ಓಣಿಯ ಜನ ಎಲ್ಲರೂ ಮಾತಾಡುವುದು ಹಾಗೆಯೇ. ಸಿಂಗಪುರಕ್ಕೆ ಬಂದ ಮೇಲೆ ನಾನದನ್ನು ಒಳಗಿಟ್ಟುಕೊಂಡಿದ್ದೆ. ಇಲ್ಲಿನ ಕನ್ನಡದವರು ಬಹುಪಾಲು ಬೆಂಗಳೂರು, ಮೈಸೂರಿನವರು. ಯಾರೂ ನನಗೆ ಹೀಗೆ ಮಾತಾಡು ಎಂದು ಹೇಳಲಿಲ್ಲ. ಮನೆಯಡುಗೆ ತಂದು ಸೇರುವ ಒಂದೆರಡು ಪಾಟ್‌ಲಕ್ಕುಗಳಲ್ಲಿ "ನಿಮ್ಮ ಭಾಷೆ ಎಷ್ಟು ಕ್ಯೂಟ್ ಅಲ್ವಾ, ಇನ್ನೊಂದ್ಸಲ ಹೇಳಿ" ಎಂದು ಕೇಳಿಸಿಕೊಂಡಮೇಲೆ ನಾನೇ ಬದಲಾದೆ.

ಒಬ್ಬಳ ಮುಂದೆ ಮಾತ್ರ ಬದಲಾಗಿರಲಿಲ್ಲ. ಅವಳು ಮೈಸೂರಿನವಳು, ಜುರಾಂಗ್ ಈಸ್ಟ್‌ನಲ್ಲಿ ನಮ್ಮ ಪಕ್ಕದ ಬ್ಲಾಕಿನಲ್ಲಿದ್ದಳು. ಕನ್ನಡದಲ್ಲಿ ಎಂ.ಎ. ಮಾಡಿದ್ದಳು. ನನ್ನ ಗಂಡ ಜುರಾಂಗ್ ಐಲ್ಯಾಂಡಿಗೆ ಕೆಲಸಕ್ಕೆ ಕಂಪನಿ ಬಸ್ಸಿನಲ್ಲಿ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ ಆ ಮೊದಲ ವರ್ಷಗಳಲ್ಲಿ ನನ್ನ ಮಗಳ ಜ್ವರಕ್ಕೆ, ಮನೆ ಶಿಫ್ಟ್ ಮಾಡುವುದಕ್ಕೆ, ಬರೀ ಬೇಜಾರಿಗೆ, ಎಲ್ಲಕ್ಕೂ ಆದವಳು ಅವಳು. ವಾರದ ಕೊನೆಗೆ ಮಕ್ಕಳಿಗೆ ಕನ್ನಡ ಕಲಿಸುವ ತರಗತಿಯನ್ನು ಇಬ್ಬರೂ ಸೇರಿಯೇ ಶುರು ಮಾಡಿದೆವು. ಆಮೇಲೆ ಅದಕ್ಕೊಂದು ಕಮಿಟಿಯಾಯಿತು, ಮಕ್ಕಳು ಹೆಚ್ಚಾದರು, ಎರಡು ಗುಂಪಾಯಿತು. ದೊಡ್ಡ ಮಕ್ಕಳನ್ನು ಅವಳು ತೆಗೆದುಕೊಂಡಳು.

"ಪುಟಾಣಿಗಳು ನೀನೇ ಬೇಕು ಅಂತಾವೆ ಕಣೇ," ಎಂದಿದ್ದಳು. "ನಿನ್ನಷ್ಟು ಪೇಶನ್ಸ್ ನನಗಿಲ್ಲ."

ನಾನು ನಂಬಿದೆ. ಪುಟಾಣಿಗಳು ನನಗೂ ಇಷ್ಟವಾಗಿದ್ದವು.

ಐಸ್‌ಲ್ಯಾಂಡಿನ ಪದವನ್ನು ಕೇಳಿದ ದಿನ ಸಂಜೆಯೇ ನಾನು ಅವಳಿಗೆ ಹೇಳಿದೆ. ಬ್ಲಾಕಿನ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್ಕಿನ ಕಲ್ಲು ಬೆಂಚಿನ ಮೇಲೆ ಕೂತಿದ್ದೆವು. "ನೋಡವಾ, ನಮಗಿರೋ ಬ್ಯಾನಿಗಿ ದೂರದ ದೇಶದಾಗ ಹೆಸರಿಟ್ಟಾರ," ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗಂಭೀರವಾಗಿ, ನಮ್ಮ ವ್ಯಾಕರಣದಲ್ಲಿ ಇದಕ್ಕೆ ವಿಭಕ್ತಿ ಪಲ್ಲಟ ಅನ್ನುತ್ತಾರೆ, ಊರನ್ನು ಸೇರಿದ, ಊರಿಗೆ ಸೇರಿದ ಎರಡೂ ಸರಿ, ಹಳಬರು ಒಪ್ಪಿಕೊಂಡಿದ್ದರು ಎಂದು ವಿವರಿಸಿದಳು. ಅವಳ ಓದಿನ ಬಗ್ಗೆ ನನಗೆ ಆಗ ಹೆಮ್ಮೆಯೇ ಆಯಿತು.

ಅದೇ ವರ್ಷ ಅವ್ವ ಬಂದಳು. ಊರಲ್ಲಿ ಅಣ್ಣನ ತುಂಬು ಸಂಸಾರದ ನಡುವೆ ಇರುವವಳು ಮೊದಲ ಸಲ ನನ್ನ ಮನೆಗೆ ಬಂದಿದ್ದಳು. ಅವ್ವನಿಗೆ ಕತೆ ಹೇಳುವುದೆಂದರೆ ಪ್ರಾಣ. ನನ್ನ ಮಗಳಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ನನ್ನ ಗೆಳತಿಗೆ ಮಾತ್ರ ಎಲ್ಲವೂ ಬೇಕಿತ್ತು. ಮಧ್ಯಾಹ್ನ ನಾನು ಆಫೀಸಿನಲ್ಲಿರುವಾಗ ಬಂದು ಅವ್ವನ ಜೊತೆ ಕೂರುತ್ತಿದ್ದಳು. ಜೋಳದ ಹಿಟ್ಟು ಹುಡುಕಿ ತಂದುಕೊಟ್ಟಳು. ರೊಟ್ಟಿ ಬಡಿಯುವುದನ್ನು ಕಲಿಯಲು ನೋಡಿ ಹರಿದು ಹಾಕಿದಳು. "ಅಮ್ಮ ಮಾತಾಡ್ತಿದ್ರೆ ಕೇಳ್ತಾನೇ ಇರಬೇಕು ಅನ್ಸತ್ತೆ" ಎನ್ನುತ್ತಿದ್ದಳು. ಅವ್ವನೂ ಬಾಗಿಲು ತೆಗೆದ ಕೂಡಲೇ, "ಬಾ ಯವ್ವಾ, ನಿನಗ ನೋಡಿ ಮನಸ್ಸು ತಂಪಾತು" ಎನ್ನುತ್ತಿದ್ದಳು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲೇ ಎಂದು ಅವಳು ಕೇಳಿದಾಗ ಅವ್ವ ಸೆರಗು ಸರಿಮಾಡಿಕೊಂಡು ಕೂತಳಂತೆ. ಬರೀ ದನಿ ಅಂತ ಹೇಳಿದ ಮೇಲೂ.

ಅವ್ವ ಅವಳಿಗೆ ತನ್ನ ತಂಗಿಯ ಕತೆ ಹೇಳಿದ್ದಳು. ಅದು ನಮ್ಮ ಮನೆಯಲ್ಲಿ ಸುಲಭಕ್ಕೆ ಹೊರಬರುವ ಕತೆಯಲ್ಲ. ತಂಗಿ ಇನ್ನೂ ಮಗು. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದಾಗ ಅವಳಿಗೆ ಜ್ವರ ನೆತ್ತಿಗೇರಿತು. ಅವ್ವನೂ ಆಗ ಸಣ್ಣವಳೇ. ತಂಗಿಯನ್ನು ಎತ್ತಿಕೊಂಡು, ಅಪ್ಪನನ್ನು ಕೂಗುತ್ತಾ ಹೊಲದ ದಾರಿಯಲ್ಲಿ ಓಡಿದಳು. ಅಪ್ಪ ಸಿಗುವ ಹೊತ್ತಿಗೆ ತೋಳಲ್ಲಿ ಮಗು ತಣ್ಣಗಾಗಿತ್ತು. ಆ ದಿನ ನಾನು ಆಫೀಸಿನಿಂದ ಬಂದಾಗ ಇಬ್ಬರ ಕಣ್ಣೂ ಕೆಂಪಗಿದ್ದವು. ಗೆಳತಿ ಅವ್ವನ ಕೈ ಹಿಡಿದುಕೊಂಡು ಕೂತಿದ್ದಳು.

ನವೆಂಬರ್ ಬಂತು. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಗೆಳತಿಯ ಒಂದು ಭಾಷಣವಿತ್ತು. ಶುದ್ಧ ಕನ್ನಡದ ಬಗ್ಗೆ, ಮನೆಯಲ್ಲಿ ಮಕ್ಕಳ ಜೊತೆ ಹೇಗೆ ಮಾತಾಡಬೇಕು ಎಂಬುದರ ಬಗ್ಗೆ.

"ನಿನ್ನ ಐಸ್‌ಲ್ಯಾಂಡ್ ಪದ ಯೂಸ್ ಮಾಡ್ಕೋತಿದೀನಿ, ಓಕೆ ತಾನೆ?" ಎಂದಳು.

"ಮಾಡ್ಕೋ, ಅದೇನು ನಂದಾ?" ಎಂದೆ.

ಅವ್ವನಿಗೆ ಮೊಣಕಾಲು ನೋವು, ಬರುವುದಿಲ್ಲ ಎಂದು ಅವಳಿಗೆ ಮೊದಲೇ ಹೇಳಿದ್ದೆ. ಆ ಬೆಳಿಗ್ಗೆ ಎದ್ದವಳು ತಾನೇ ಇಳಕಲ್ ಸೀರೆ ಉಟ್ಟು ತಯಾರಾದಳು. "ಅಕಿ ಮಾತಾಡ್ತಾಳಂದ್ರ ನಾ ಬರಲಾರದ ಇರ್ತೀನೇನು?" ಎಂದಳು. ಗೆಳತಿಗೆ ಸರ್‌ಪ್ರೈಸ್ ಆಗಲಿ ಎಂದು ನಾನೂ ಸುಮ್ಮನೆ ಕರೆದುಕೊಂಡು ಹೋದೆ. ಸಭೆಯ ಹಾಲಿನ ನಡುಭಾಗದಲ್ಲಿ ಕೂತೆವು. ನನ್ನ ಮಗಳು ಸ್ನೇಹಿತೆಯರ ಜೊತೆ ಮುಂದೆಲ್ಲೋ ಇದ್ದಳು.

ಗೆಳತಿ ಚೆನ್ನಾಗಿ ಮಾತಾಡುತ್ತಾಳೆ. ಪದವನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿ, ಜನರಿಂದ ಹೇಳಿಸಿ, ನಗಿಸಿ, ಆಮೇಲೆ ಅರ್ಥ ಬಿಡಿಸಿದಳು. "ಈ ಚತುರ್ಥಿ ಕಾಯಿಲೆ ಐಸ್‌ಲ್ಯಾಂಡಿಗೆ ಮಾತ್ರ ಸೀಮಿತ ಅಂದ್ಕೊಂಡ್ರಾ? ನಮ್ಮಲ್ಲೂ ಇದೆ. ಒಂದೆರಡು ಪೇಷೆಂಟ್‌ಗಳನ್ನ ಕೇಳಿಸ್ತೀನಿ," ಎಂದಳು.

ಸ್ಪೀಕರಿನಲ್ಲಿ ಅವ್ವನ ದನಿ ಬಂತು. "ನಿನಗ ನೋಡಿ ಮನಸ್ಸು ತಂಪಾತು."

ಹಾಲಿನಲ್ಲಿ ನಗು ಎದ್ದಿತು. ಅವ್ವ ನನ್ನ ಮೊಣಕೈ ಹಿಡಿದಳು. "ಏ, ನಂದ ದನಿ! ಕೇಳಿದ್ಯಾ?" ಎಂದು ಅರಳಿದ ಮುಖದಲ್ಲಿ ಆಚೀಚೆ ಕೂತವರನ್ನೂ ನೋಡಿದಳು. ಅವರು ನಗುತ್ತಿದ್ದರು, ಇವಳೂ ನಕ್ಕಳು. ಎದ್ದು ಅವ್ವನನ್ನು ಹೊರಗೆ ಕರೆದುಕೊಂಡು ಹೋಗಬೇಕೆನಿಸಿತು, ಏನೆಂದು ಹೇಳಿ ಎಬ್ಬಿಸಲಿ ಎಂದು ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಎರಡನೆಯದು ಬಂತು. "ತಂಗಿಗ ಎತ್ತಿಕೊಂಡು ಓಡ್ದೆ." ತಕ್ಷಣ ಮೂರನೆಯದು. "ಅಪ್ಪಗ ಕರದೆ, ಕರದೆ, ಭಾಳ ಕರದೆ."

ಅಷ್ಟಷ್ಟೇ ತುಂಡುಗಳು. ಹಿಂದಿಲ್ಲ, ಮುಂದಿಲ್ಲ. ಕೇಳಿದವರಿಗೆ ಅದು ಏನೆಂದು ತಿಳಿಯುವ ಹಾಗಿರಲಿಲ್ಲ. ಅವರ ನಗುವಿಗೆ ನಾನು ಅವರನ್ನು ದೂರುವುದಿಲ್ಲ. "ತಂಗಿಗೆ ಏನನ್ನ ಎತ್ಕೊಂಡು ಓಡಿದ್ರೋ ಪಾಪ, ಗೊತ್ತಾಗ್ಲೇ ಇಲ್ಲ," ಎಂದು ಗೆಳತಿ ಮೈಕಿನಲ್ಲಿ ಹೇಳಿದಾಗ ಚಪ್ಪಾಳೆಯೂ ಬಿತ್ತು.

ಅವಳಿಗೆ ಗೊತ್ತಿತ್ತು. ಏನನ್ನು ಎತ್ತಿಕೊಂಡು ಓಡಿದ್ದು ಎಂದು ಆ ಹಾಲಿನಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಅವಳೊಬ್ಬಳಿಗೆ ಗೊತ್ತಿತ್ತು.

ಅವ್ವನ ಕೈ ನನ್ನ ಮೊಣಕೈಯಿಂದ ಮೆಲ್ಲಗೆ ಜಾರಿತು. ಅವಳ ಮುಖದ ಮೇಲೆ ಆ ಮೊದಲಿನ ನಗು ಹಾಗೆಯೇ ಇತ್ತು, ಅದನ್ನು ಎಲ್ಲಿ ಇಳಿಸಿಡಬೇಕೆಂದು ತಿಳಿಯದವಳ ಹಾಗೆ. ಅದೇ ಹೊತ್ತಿಗೆ ಗೆಳತಿಯ ಕಣ್ಣು ನಮ್ಮ ಸಾಲಿಗೆ ಬಿತ್ತು. ಮಾತಿನ ಮಧ್ಯೆ ನಿಂತಳು, ನೀರು ಕುಡಿದಳು. ಮತ್ತೆ ಮುಂದುವರಿಸಿದಳು. ನಿಲ್ಲಿಸಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲವೇನೋ.

ಮನೆಗೆ ಮರಳುವ ಎಂಆರ್‌ಟಿ ರೈಲಿನಲ್ಲಿ ಯಾರೋ ಎದ್ದು ಅವ್ವನಿಗೆ ಸೀಟು ಕೊಟ್ಟರು. ಸ್ವಲ್ಪ ದೂರ ಬಂದ ಮೇಲೆ ಅವಳು ತಲೆಯೆತ್ತಿ ನನ್ನನ್ನು ಕೇಳಿದಳು: "ಅಲ್ಲಿ ನಗೂವಂಥಾದ್ದು ಏನಿತ್ತು?"

"ಅವರಿಗಿ ಕತಿ ಗೊತ್ತಿಲ್ಲವಾ," ಎಂದೆ.

"ಅವರಿಗಿಲ್ಲ, ಇರಲಿ. ಅಕೀಗಿ ಗೊತ್ತದಲ್ಲ? ಅಕೀಗಿ ನಾ ಮಗಳಂಗ ತಿಳಿದಿದ್ದೆ."

ಪಕ್ಕದಲ್ಲಿ ನನ್ನ ಮಗಳು ಫೋನು ನೋಡುತ್ತಾ ನಿಂತಿದ್ದಳು. ಅವಳ ಕನ್ನಡ ತರಗತಿಯ ಗ್ರೂಪಿಗೆ ಭಾಷಣದ ಆ ತುಣುಕು ಆಗಲೇ ಬಂದಿತ್ತು.

ಮಾರನೆಯ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವ್ವ, "ಅಪ್ಪಗ ಎಬ್ಸು ಹೋಗು" ಎಂದಳು. ಮಗಳು ತಿನ್ನುತ್ತಲೇ, "ಅಜ್ಜಿ, ಅಪ್ಪನ್ನ ಎಬ್ಬಿಸು ಅನ್ಬೇಕು ಲಾ," ಎಂದಳು, ಇಲ್ಲಿನ ಮಕ್ಕಳ ಧಾಟಿಯಲ್ಲಿ. ದುರುದ್ದೇಶವೇನಿಲ್ಲ, ಹೊಸದಾಗಿ ಕಲಿತದ್ದನ್ನು ಹೇಳಿದಳು. ನಾನು ಗದರಿದೆ. ಅವ್ವ ನನ್ನನ್ನೇ ತಡೆದು, "ಕೂಸು ಹೇಳೋದು ಖರೇ ಅದ," ಎಂದು ಎದ್ದುಹೋದಳು. ಆಮೇಲೆ ಅವಳ ಮಾತು ಕಡಿಮೆಯಾಯಿತು. ಬೇಕಾದದ್ದಕ್ಕೆ ಮಾತ್ರ ಬಾಯಿ ತೆರೆಯುತ್ತಿದ್ದಳು. ಲಿಫ್ಟಿನಲ್ಲಿ ಕನ್ನಡದವರು ಸಿಕ್ಕರೆ ಮುಗುಳ್ನಗೆಯಲ್ಲೇ ಮುಗಿಸುತ್ತಿದ್ದಳು.

ಗೆಳತಿಯ ಫೋನುಗಳನ್ನು ನಾನು ಎತ್ತಲಿಲ್ಲ. ಕೊನೆಗೆ ವಾಯ್ಡ್ ಡೆಕ್ಕಿನಲ್ಲಿ ನನಗಾಗಿಯೇ ಕಾದು ನಿಂತು ಹಿಡಿದಳು.

"ಅಮ್ಮ ಬರಲ್ಲ ಅಂದಿದ್ಯಲ್ಲೇ," ಎಂದು ಶುರುಮಾಡಿದಳು.

"ಬರದಿದ್ರ ಸರಿಯಾಗ್ತಿತ್ತೇನು?"

"ಹೆಸರು ಹೇಳಿಲ್ಲ. ಯಾರಿಗೂ ಗೊತ್ತಾಗಿಲ್ಲ. ಜಸ್ಟ್ ಎಗ್ಸಾಂಪಲ್ಸ್ ಕಣೇ. ನಾನು ಭಾಷೆ ಬಗ್ಗೆ ಮಾತಾಡಿದ್ದು, ಅಮ್ಮನ ಬಗ್ಗೆ ಅಲ್ಲ."

"ಆ ಕತಿ ಕೇಳಿ ನೀ ಅತ್ತಿದ್ದಿ."

"ಎಡಿಟ್ ಮಾಡುವಾಗ ಬರೀ ವಿಭಕ್ತಿ ನೋಡ್ತಿದ್ದೆ. ಅದು ಯಾವ ಕತೆ ಅಂತ ತಲೆಗೇ ಬರ್ಲಿಲ್ಲ. ನಿಜವಾಗ್ಲೂ," ಎಂದಳು.

ಅದು ಸುಳ್ಳಲ್ಲ ಎಂದು ಈಗಲೂ ನನಗನಿಸುತ್ತದೆ. ಅದರಿಂದ ಏನೂ ಹಗುರವಾಗಲಿಲ್ಲ.

"ವಾಯ್ಡ್ ಡೆಕ್ಕಿನಾಗ ಕೂತು ನೀನೇ ಹೇಳಿದ್ದಿ, ಇದಕ್ಕ ಪಲ್ಲಟ ಅಂತಾರ, ಹಳಬರು ಒಪ್ಪಿಕೊಂಡಾರ ಅಂತ. ಸ್ಟೇಜ್ ಮ್ಯಾಲ ಹೋದ ಕೂಡ್ಲೇ ಯಾಕ ಬ್ಯಾನಿ ಆತು?"

"ಪಲ್ಲಟ ಅಂದ್ರೆ ಯಾರು ನಗ್ತಾರೆ?" ಎಂದಳು. ಅಂದಮೇಲೆ ತನ್ನ ಮಾತು ತನಗೇ ಕೇಳಿಸಿ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಇದಿಷ್ಟೇ ಆಗಿದ್ದರೆ ವರ್ಷ ಕಳೆದಮೇಲಾದರೂ ಸರಿಹೋಗುತ್ತಿತ್ತೇನೋ. ಆದರೆ ತರಗತಿ ಬಿಡುತ್ತೇನೆಂದು ಹೇಳಲು ನಾನು ಕಮಿಟಿಯ ಹಿರಿಯರೊಬ್ಬರಿಗೆ ಫೋನು ಮಾಡಿದೆ. ಎಲ್ಲರೂ ಅಂಕಲ್ ಎನ್ನುವ, ಒಳ್ಳೆಯ ಮನುಷ್ಯ. ಸಮಾಧಾನ ಮಾಡಲೆಂದೇ ಹೇಳಿದರು.

"ಮನಸ್ಸಿಗೆ ಹಚ್ಕೋಬೇಡಿಮ್ಮ. ನಿಮ್ಮ ಲ್ಯಾಂಗ್ವೇಜ್ ಬಗ್ಗೆ ನಮಗೇನೂ ಕಂಪ್ಲೇಂಟ್ ಇಲ್ಲ. ನಿಮ್ಮ ಫ್ರೆಂಡೇ ಶುರುವಿನಲ್ಲಿ ಹೇಳಿದ್ರು, ದೊಡ್ಡ ಮಕ್ಕಳಿಗೆ ಗ್ರಾಮರ್ ಕಲಿಸೋಕೆ ನಿಮಗೆ ಕಷ್ಟ ಆಗಬಹುದು, ಆ ಕಡೆಯವರು, ಯಾವಾಗಲಾದ್ರೂ ಸ್ಲಿಪ್ ಆಗತ್ತೆ ಅಂತ. ಅದಕ್ಕೇ ತಾನೆ ಪುಟ್ಟಮಕ್ಕಳ ಕ್ಲಾಸ್ ಕೊಟ್ಟಿದ್ದು? ಎಷ್ಟು ಚೆನ್ನಾಗಿ ನಡೆಸ್ಕೊಂಡು ಬಂದ್ರಿ."

ಫೋನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಯಲ್ಲಿ ನಿಂತೆ. ಒಲೆಯ ಮೇಲೆ ಹಾಲಿತ್ತು, ಅವ್ವ ಬಂದು ಒಲೆ ಆರಿಸಿದಳು. ನಾನು ಗೆಳತಿಯ ಮುಂದೆ ಮನೆಯ ಮಾತಾಡಿದ ಎಲ್ಲ ಸಂಜೆಗಳೂ ನೆನಪಾದವು. ನಾನು ಚಪ್ಪಲಿ ಬಿಚ್ಚಿಟ್ಟು ಒಳಗೆ ಬಂದಂತೆ ಮಾತಾಡಿದ್ದೆ. ಅವಳು ಕೂತು ಗುರುತು ಹಾಕಿಕೊಂಡಿದ್ದಳು. ಬೇಕಂತಲೇ ಅಲ್ಲದಿರಬಹುದು. ಓದಿದವಳ ಕಿವಿ, ತಾನಾಗಿಯೇ ಹಿಡಿದಿರಬಹುದು. ಆದರೆ ಹಿಡಿದದ್ದನ್ನು ಹೋಗಿ ಹೇಳಿದ್ದಳಲ್ಲ, ನನಗೆ ಬೇರೆ ಕಾರಣ ಕೊಟ್ಟು.

ಆಫೀಸಿನಲ್ಲಿ ಐಸ್‌ಲ್ಯಾಂಡಿನವಳಿಗೆ ಎಲ್ಲ ಹೇಳಿದೆ. ನಮ್ಮ ಭಾಷೆಯಲ್ಲಿ ಹಸಿವು, ನೆನಪು, ಆಸೆ, ಸಿಟ್ಟು ಎಲ್ಲವೂ 'ನನಗೆ' ಆಗುವಂಥವು, ಶುದ್ಧ ಕನ್ನಡದವರಿಗೂ, ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ ಎಂದೆ. ಅವಳು, "ಆ ಪದವನ್ನು ನಾನು ನಿನಗೆ ಹೇಳಬಾರದಿತ್ತು," ಎಂದಳು. ಅವಳದೇನೂ ತಪ್ಪಿರಲಿಲ್ಲ, ಹಾಗೆಂದು ಹೇಳಿದೆ.

ಅವ್ವ ಊರಿಗೆ ಹೊರಡುವ ವಾರ ಗೆಳತಿ ಮನೆಗೇ ಬಂದಳು. ಕೈಯಲ್ಲಿ ಹಣ್ಣು, ಒಂದು ಶಾಲು. ನಾನು ಬಾಗಿಲಲ್ಲೇ ನಿಲ್ಲಿಸುತ್ತಿದ್ದೆನೇನೋ, ಒಳಗಿಂದ ಅವ್ವನೇ ಬಂದಳು.

"ಬನ್ನಿ, ಕುಳಿತುಕೊಳ್ಳಿ," ಎಂದಳು ಅವ್ವ. "ನಿಮ್ಮನ್ನು ನೋಡಿ ಸಂತೋಷವಾಯಿತು."

ಅವ್ವ ಏಳನೆಯ ತರಗತಿಯವರೆಗೆ ಓದಿದವಳು, ದಿನವೂ ಪೇಪರ್ ಓದುವವಳು. ಆ ಕನ್ನಡ ಅವಳಿಗೆ ಬರುತ್ತದೆಂದು ನನಗೆ ಗೊತ್ತಿತ್ತು. ಮನೆಯೊಳಗೆ ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಗೆಳತಿ ಸೋಫಾದ ಅಂಚಿನಲ್ಲಿ ಕೂತಳು.

"ಅಮ್ಮ, ನಂದು ತಪ್ಪಾಯ್ತು," ಎಂದಳು. "ನೀವು ಯಾವಾಗಿನ ಥರಾನೇ ಮಾತಾಡಿ, ಪ್ಲೀಸ್."

"ತಪ್ಪೇನಿಲ್ಲ. ನೀವು ಓದಿದವರು. ಚಹಾ ಕುಡಿಯುತ್ತೀರಾ?"

"ನನ್ನನ್ನ ನೀವು ಅನ್ಬೇಡಿ ಅಮ್ಮ."

ಅವ್ವ ಚಹಾ ಮಾಡಿ ತಂದುಕೊಟ್ಟಳು. ನಿಮ್ಮ ಯಜಮಾನರು ಹೇಗಿದ್ದಾರೆ, ಮಗನನ್ನು ಯಾವ ಶಾಲೆಗೆ ಕಳುಹಿಸುತ್ತೀರಿ ಎಂದು ಒಂದೊಂದು ಪದವನ್ನೂ ಜೋಡಿಸಿಟ್ಟು ಕೇಳಿದಳು. ಒಂದು ವಿಭಕ್ತಿಯೂ ಆಚೀಚೆ ಆಗಲಿಲ್ಲ. ಗೆಳತಿಯ ಕಣ್ಣಿಂದ ನೀರು ಸುರಿಯುತ್ತಿತ್ತು, ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಅವ್ವ ಅವಳ ಹಣೆಗೆ ಕುಂಕುಮವಿಟ್ಟು, ಹಣ್ಣು ಇಟ್ಟುಕೊಂಡು, ಶಾಲನ್ನು ವಾಪಸು ಅವಳ ಕೈಗೇ ಕೊಟ್ಟಳು. ಲಿಫ್ಟಿನವರೆಗೂ ನಾನು ಹೋಗಲಿಲ್ಲ.

ಅವಳು ಈಗಲೂ ಪಕ್ಕದ ಬ್ಲಾಕಿನಲ್ಲೇ ಇದ್ದಾಳೆ. ಎಂಆರ್‌ಟಿ ಪ್ಲಾಟ್‌ಫಾರ್ಮಿನಲ್ಲಿ ಕಾಣುತ್ತಾಳೆ, ಇಬ್ಬರೂ ತಲೆ ಆಡಿಸುತ್ತೇವೆ, ಬೇರೆ ಬೇರೆ ಬಾಗಿಲಿನಿಂದ ಹತ್ತುತ್ತೇವೆ. ತರಗತಿ ಚೆನ್ನಾಗಿ ನಡೆಯುತ್ತಿದೆಯಂತೆ. ನಾನೀಗ ಇಲ್ಲಿನ ಕನ್ನಡದವರ ಮುಂದೆಯೂ ನನ್ನ ಮಾತನ್ನೇ ಆಡುತ್ತೇನೆ. ಧೈರ್ಯ ಬಂದು ಅಲ್ಲ, ಇನ್ನು ಮುಚ್ಚಿಡುವಂಥದ್ದು ಏನೂ ಉಳಿದಿಲ್ಲವೆಂದು.

ಅವ್ವ ವಾರಕ್ಕೊಮ್ಮೆಯಾದರೂ ಊರಿನಿಂದ ಫೋನು ಮಾಡುತ್ತಾಳೆ. ಮಳೆ, ಬೆಳೆ, ಅಣ್ಣನ ಮಕ್ಕಳು, ಓಣಿಯ ಜಗಳ ಎಲ್ಲ ಹೇಳುತ್ತಾಳೆ. ಹೇಳುವ ಮೊದಲು ಮಾತ್ರ ಪ್ರತಿ ಸಲವೂ ದನಿ ತಗ್ಗಿಸಿ ಕೇಳುತ್ತಾಳೆ, "ಬಾಜೂಕ ಯಾರರ ಕೇಳ್ಲಾಕತ್ತಾರೇನು?"